ಎಚ್‌ಓಡಿಗೆ ಅರ್ಪಿಸಿದ ಮಹಾಕಾವ್ಯ

‘ಶ್ರೀರಾಮಾಯಣ ದರ್ಶನಂ’ ನಿಮ್ಮ ಮನೆಯಲ್ಲೂ ಇರಬಹುದು. ಓದಿಲ್ಲ ಅಂದ್ರೂ ಪರವಾಗಿಲ್ಲ, ಎಷ್ಟೋ ಮನೆಗಳಲ್ಲಿ ಅದು ಶೋಕೇಸಿನ ಪುಸ್ತಕ. ತೆಗೆದು ಮೊದಲ ಕೆಲವು ಪುಟ ಮಾತ್ರ ನೋಡಿ. ಅಷ್ಟು ದೊಡ್ಡ ಕಾವ್ಯವನ್ನು ಕುವೆಂಪು ಯಾರಿಗೆ ಅರ್ಪಿಸಿದ್ದಾರೆ? ಮಹಾರಾಜರಿಗಲ್ಲ, ಮಠಕ್ಕಲ್ಲ. ತಳುಕಿನ ವೆಂಕಣ್ಣಯ್ಯ ಅನ್ನೋ ಮೇಷ್ಟ್ರಿಗೆ. ಟಿ.ಎಸ್. ವೆಂಕಣ್ಣಯ್ಯ ಅವರ ಗುರುಗಳು ಹೌದು, ಆದರೆ ಅದರ ಜೊತೆಗೆ ಇನ್ನೂ ಒಂದು ಆಗಿದ್ದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಕುವೆಂಪು ಕೆಲಸಕ್ಕೆ ಸೇರಿದಾಗ ಅವರ ಮೇಲಿದ್ದ ಪ್ರೊಫೆಸರ್. ಇವತ್ತಿನ ಕಾಲೇಜಿನ ಮಾತಿನಲ್ಲಿ ಹೇಳೋದಾದ್ರೆ, ಎಚ್‌ಓಡಿ.

ಕಾವ್ಯ ಅಚ್ಚಾಗಿದ್ದು 1949ರಲ್ಲಿ. ವೆಂಕಣ್ಣಯ್ಯನವರು ತೀರಿಕೊಂಡಿದ್ದು 1939ರಲ್ಲಿ. ಅಷ್ಟರಲ್ಲಿ ಕುವೆಂಪು ಅವರೇ ಪ್ರೊಫೆಸರ್ ಆಗಿ ಮೂರು ವರ್ಷವಾಗಿತ್ತು. ಅಂದರೆ ಈ ಅರ್ಪಣೆಯಿಂದ ಬಡ್ತಿ ಇಲ್ಲ, ಶಿಫಾರಸು ಇಲ್ಲ, ಯಾರ ಮುಲಾಜೂ ಇಲ್ಲ. ಹತ್ತು ವರ್ಷದ ಹಿಂದೆ ಹೋದ ಮೇಲಿನವರನ್ನು ಒಬ್ಬ ಮನುಷ್ಯ ಹೀಗೆ ನೆನೆಸಿಕೊಳ್ಳುತ್ತಾನೆ ಅಂದ್ರೆ ಆ ಖುರ್ಚಿಯಲ್ಲಿ ಕೂತವರು ಏನೋ ಮಾಡಿರಬೇಕು. ನಾನು ಸಾಫ್ಟ್‌ವೇರಿಗೆ ಬಂದ ಮೇಲೆ ನಾಲ್ಕು ಮ್ಯಾನೇಜರ್‌ಗಳನ್ನು ಕಂಡಿದ್ದೇನೆ. ಮಹಾಕಾವ್ಯ ಬಿಡಿ, ಒಂದು ರಿಲೀಸ್ ನೋಟ್ ಅರ್ಪಿಸಬೇಕು ಅನ್ನಿಸಿದ್ದು ಒಬ್ಬರಿಗೆ ಮಾತ್ರ.

ಆ ಖುರ್ಚಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲಿ. ಕನ್ನಡ ನಾಡಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇರಲೇಬೇಕಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಇರಲಿಲ್ಲ. ಅದು ಬಂದಿದ್ದು 1927ರಲ್ಲಿ, ಹನ್ನೊಂದು ವರ್ಷದ ನಂತರ. ಆಗ ರಿಜಿಸ್ಟ್ರಾರ್ ಆಗಿದ್ದವರು ಬಿ.ಎಂ. ಶ್ರೀಕಂಠಯ್ಯ, ಕಲಿಸುತ್ತಿದ್ದದ್ದು ಇಂಗ್ಲಿಷ್. ಕನ್ನಡದ ಮೊದಲ ಪ್ರೊಫೆಸರ್ ಆದವರು ವೆಂಕಣ್ಣಯ್ಯ. ಅವರ ಜೊತೆಯಲ್ಲಿ ಎ.ಆರ್. ಕೃಷ್ಣಶಾಸ್ತ್ರಿ. ಇಬ್ಬರೂ ಗೆಳೆಯರು, ವಿಭಾಗ ಹುಟ್ಟುವ ಮೊದಲೇ ಸೇರಿ ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದಿದ್ದವರು. ಜನ ಅವರನ್ನು ಕನ್ನಡದ ಅಶ್ವಿನೀ ದೇವತೆಗಳು ಅಂತಲೇ ಕರೆಯುತ್ತಿದ್ದರು. ಈಗ ಅವರಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ. ಇಂಥ ಕಡೆಯೇ ಗೆಳೆತನ ಮುರಿದುಬೀಳೋದು, ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರದು ಮುರಿಯಲಿಲ್ಲ. ಇಬ್ಬರೂ ಸೇರಿ ಹರಿಶ್ಚಂದ್ರಕಾವ್ಯದ ಸಂಗ್ರಹವನ್ನು ಸಂಪಾದಿಸಿದ್ದು ಪ್ರೊಫೆಸರ್ ಹುದ್ದೆ ಬಂದ ನಂತರವೇ. ವೆಂಕಣ್ಣಯ್ಯ ಹೋದ ಮೇಲೆ ಆ ಹುದ್ದೆ ಕೃಷ್ಣಶಾಸ್ತ್ರಿಗಳಿಗೆ ಬಂತು.

ಆ ಕಾಲದಲ್ಲಿ ಒಂದು ವಿಭಾಗಕ್ಕೆ ಒಬ್ಬರೇ ಪ್ರೊಫೆಸರ್. ಅವರೇ ಮುಖ್ಯಸ್ಥರು, ನಿವೃತ್ತಿಯಾಗುವ ತನಕ ಅವರೇ. ಪಠ್ಯ ಅವರ ಕೈಯಲ್ಲಿ, ಯಾರು ಯಾವ ತರಗತಿ ತಗೋಬೇಕು ಅನ್ನೋದು ಅವರ ಕೈಯಲ್ಲಿ, ಹೊಸಬರ ಬಗ್ಗೆ ಮೇಲಿನವರು ಕೇಳುವ ಮೊದಲ ಮಾತು ಅವರದು. ಹೀಗಿದ್ದಾಗ ಆ ಒಬ್ಬ ಮನುಷ್ಯ ಹೇಗಿದ್ದಾನೆ ಅನ್ನೋದರ ಮೇಲೆ ಉಳಿದವರ ಇಡೀ ಬದುಕು ನಿಂತಿರುತ್ತದೆ.

ಇನ್ನೂ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಅವತ್ತಿನ ಮೈಸೂರಿನಲ್ಲಿ ಸರ್ಕಾರಿ ಕೆಲಸ ಅಂದ್ರೆ ಜಾತಿಯ ದೊಡ್ಡ ಜಗಳ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದೇ ಬ್ರಾಹ್ಮಣೇತರರಿಗೆ ಹುದ್ದೆಗಳಲ್ಲಿ ಪಾಲು ಹೇಗೆ ಕೊಡೋದು ಅಂತ ನೋಡಲು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟ ಹಿನ್ನೆಲೆಯಲ್ಲಿ ಆ ಭಿನ್ನಾಭಿಪ್ರಾಯವೂ ಇತ್ತು. ಇದರ ಬಿಸಿ ಆರದ ಕಾಲದಲ್ಲಿ, ಕಾಲೇಜಿನ ಮೇಷ್ಟ್ರು ಅಂದ್ರೆ ಹೆಚ್ಚುಕಮ್ಮಿ ಬ್ರಾಹ್ಮಣರೇ ಅನ್ನುವಂತಿದ್ದ ಕಾಲದಲ್ಲಿ, ಮಲೆನಾಡಿನ ಕುಪ್ಪಳಿಯ ಒಕ್ಕಲು ಮನೆಯ ಹುಡುಗ ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿ ಓದಿ 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕನಾದ. ಮೇಲಿದ್ದವರು ವೆಂಕಣ್ಣಯ್ಯ, ಕೃಷ್ಣಶಾಸ್ತ್ರಿ. ಇಬ್ಬರೂ ಬ್ರಾಹ್ಮಣರು. ಅವರು ಆ ಹುಡುಗನ ಪದ್ಯ ನೋಡಿದರೇ ಹೊರತು ಜಾತಕ ನೋಡಲಿಲ್ಲ. ಇದನ್ನು ದೊಡ್ಡ ಉಪಕಾರ ಅಂತ ಹೇಳುತ್ತಿಲ್ಲ, ನ್ಯಾಯವಾಗಿ ಮಾಡಬೇಕಾದ್ದನ್ನೇ ಮಾಡಿದರು. ಆದರೆ ಮಾಡಬೇಕಾದ್ದನ್ನು ಮಾಡದೇ ಇರಲು ಅವರಿಗೆ ನೂರು ದಾರಿ ಇದ್ದವು. ಒಂದು ಗಂಟೆ ಪಾಠ ಕಮ್ಮಿ ಕೊಟ್ಟರೆ ಸಾಕಿತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ವೆಂಕಣ್ಣಯ್ಯನವರು ಸ್ವಂತವಾಗಿ ಬರೆದದ್ದು ಕಡಿಮೆ. ಪುಸ್ತಕದ ಪಟ್ಟಿ ಮಾಡಿದರೆ ಅವರ ಶಿಷ್ಯರ ಪಟ್ಟಿಯ ಮುಂದೆ ಸಣ್ಣದಾಗಿ ಕಾಣುತ್ತದೆ. ಈಗಿನ ಲೆಕ್ಕದಲ್ಲಿ ಅವರಿಗೆ ಬಡ್ತಿ ಸಿಗುತ್ತಿತ್ತೋ ಇಲ್ಲವೋ ಅನುಮಾನ.

ಆ ವ್ಯವಸ್ಥೆಯಲ್ಲಿ ದೋಷ ಇರಲಿಲ್ಲ ಅಂತಲ್ಲ. ಒಂದೇ ಖುರ್ಚಿ ಇದ್ದರೆ ಉಳಿದವರು ಕಾಯಬೇಕು. ಡಿ.ಎಲ್. ನರಸಿಂಹಾಚಾರ್ ಕುವೆಂಪು ಜೊತೆಯಲ್ಲೇ ಓದಿದವರು. ಹಳಗನ್ನಡದಲ್ಲಿ, ಗ್ರಂಥ ಸಂಪಾದನೆಯಲ್ಲಿ ಅವರ ಸಮ ಯಾರು? ವಡ್ಡಾರಾಧನೆಯನ್ನೂ ಶಬ್ದಮಣಿದರ್ಪಣವನ್ನೂ ನಾವು ಇವತ್ತು ಓದುತ್ತಿರೋದು ಅವರ ಸಂಪಾದನೆಯಲ್ಲಿ. 1946ರಲ್ಲಿ ಕೃಷ್ಣಶಾಸ್ತ್ರಿಗಳ ನಂತರ ಕುವೆಂಪು ಪ್ರೊಫೆಸರ್ ಆದರು, ಸಹಪಾಠಿ ಡಿ.ಎಲ್.ಎನ್. ಅವರ ಕೆಳಗೆ ಉಳಿದರು. ಒಬ್ಬರು ಕವಿ, ಒಬ್ಬರು ಪಂಡಿತರು. ಯಾರು ಹೆಚ್ಚು ಅರ್ಹರು ಅಂತ ಇವತ್ತಿಗೂ ಮೈಸೂರಿನ ಹಳಬರು ವಾದ ಮಾಡುತ್ತಾರೆ, ನಾನು ಅದಕ್ಕೆ ಹೋಗೋದಿಲ್ಲ. ಆದರೆ ಒಳ್ಳೆಯ ಮನುಷ್ಯರೇ ಇದ್ದ ವಿಭಾಗದಲ್ಲೂ ಒಬ್ಬ ಅಂಥ ವಿದ್ವಾಂಸ ತನ್ನ ಸರದಿಗೆ ಅಷ್ಟು ವರ್ಷ ಕಾಯಬೇಕಾಯಿತು. ಈಗ ಮುಖ್ಯಸ್ಥರ ಹುದ್ದೆ ಸರದಿಯ ಮೇಲೆ ಬದಲಾಗುವುದಕ್ಕೆ ಇಂಥ ಕಾಯುವಿಕೆಯೇ ಒಂದು ಕಾರಣ.

ಇಷ್ಟು ಓದಿದ ಮೇಲೆ ಪ್ರಾಮಾಣಿಕರಾಗಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಅನ್ನಿಸಬಹುದು. ಅದು ಹಾಗಲ್ಲ ಅನ್ನೋದಕ್ಕೆ ಬೆಂಗಳೂರಿನ ಕಥೆ ಇದೆ. ಯಶವಂತಪುರದ ಕಡೆ ಹೋಗುವಾಗ ನೀವು ದಿನಾ ದಾಟುವ ಟಾಟಾ ಇನ್‌ಸ್ಟಿಟ್ಯೂಟ್.

ಸಿ.ವಿ. ರಾಮನ್ 1933ರಲ್ಲಿ ಅಲ್ಲಿಗೆ ನಿರ್ದೇಶಕರಾಗಿ ಬಂದರು, ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕ. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಬಂದವರೇ ಭೌತಶಾಸ್ತ್ರ ವಿಭಾಗ ತೆರೆದರು, ಅದರ ಮುಖ್ಯಸ್ಥರೂ ತಾವೇ ಆದರು. ಸ್ವಂತಕ್ಕೆ ದುಡ್ಡು ಹೊಡೆಯುವ ಮನುಷ್ಯ ಅಂತ ಅವರ ವೈರಿಗಳೂ ಹೇಳಲಿಲ್ಲ. ಆದರೆ ಸಂಸ್ಥೆಯ ಹಣವೆಲ್ಲ ಭೌತಶಾಸ್ತ್ರಕ್ಕೇ ಹರಿಯುತ್ತಿದೆ, ಬೇರೆ ವಿಭಾಗಗಳು ಒಣಗುತ್ತಿವೆ ಅನ್ನೋ ಕೂಗು ಎದ್ದಿತು. ಅವರು ಮಾತಾಡುವ ರೀತಿಗೆ ನೊಂದವರೂ ಕಡಿಮೆ ಇರಲಿಲ್ಲ. ಜರ್ಮನಿಯಿಂದ ಹಿಟ್ಲರ್ ಕಾರಣಕ್ಕೆ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಬೆಂಗಳೂರಿಗೆ ಬಂದಿದ್ದರು. ರಾಮನ್ ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕು ಅಂತ ಪ್ರಯತ್ನಪಟ್ಟರು. ಸಭೆಯಲ್ಲಿ ಆಸ್ಟನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಮನುಷ್ಯ ನಮಗೆ ಬೇಡ ಅನ್ನುವ ಅರ್ಥದಲ್ಲಿ ಮಾತಾಡಿದರು ಎಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಎರಡನೇ ದರ್ಜೆಯ ಮನುಷ್ಯನಿಗೆ 1954ರಲ್ಲಿ ನೊಬೆಲ್ ಬಂತು. ಅವತ್ತು ಆ ಸಭೆಯಲ್ಲಿ ಬಾರ್ನ್ ಮೇಲೆ ಬಿದ್ದದ್ದರಲ್ಲಿ ಎಷ್ಟೋ ಪಾಲು ರಾಮನ್ ಮೇಲಿನ ಸಿಟ್ಟು ಅಂತ ನನಗೆ ಅನ್ನಿಸುತ್ತದೆ. ಸಂಸ್ಥೆಯ ಪರಿಶೀಲನೆಗೆ ಬಂದ ಇರ್ವಿನ್ ಸಮಿತಿ ರಾಮನ್ ಆಡಳಿತವನ್ನು ಟೀಕಿಸಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು. ವಿಭಾಗದ ಮುಖ್ಯಸ್ಥರಾಗಿ ಮಾತ್ರ 1948ರವರೆಗೆ ಉಳಿದರು.

ಈ ಎರಡನೆಯ ಭಾಗವೇ ಸೋಜಿಗ. ಇಡೀ ಸಂಸ್ಥೆಯನ್ನು ನಡೆಸಲಾರದ ಮನುಷ್ಯ ಒಂದು ವಿಭಾಗವನ್ನು ನಡೆಸಿದ ರೀತಿ ನೋಡಿ. ನಾಗೇಂದ್ರನಾಥ್ ಜೊತೆ ಮಾಡಿದ ಸಿದ್ಧಾಂತದಲ್ಲಿ ಆ ಕಿರಿಯನ ಹೆಸರು ಇವತ್ತಿಗೂ ರಾಮನ್ ಹೆಸರಿನ ಪಕ್ಕದಲ್ಲಿದೆ. ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದ ಹೋಮಿ ಭಾಭಾಗೆ ಜಾಗ ಸಿಕ್ಕಿದ್ದು ಅದೇ ವಿಭಾಗದಲ್ಲಿ. ವಿಕ್ರಂ ಸಾರಾಭಾಯಿ ಅಲ್ಲಿ ಕೆಲಸ ಮಾಡಿದರು. ಎಲೆಕ್ಟ್ರಿಕಲ್ ಓದಲು ಬಂದಿದ್ದ ಜಿ.ಎನ್. ರಾಮಚಂದ್ರನ್‌ರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡವರೂ ರಾಮನ್ನೇ. ಅವರ ಒಳಗಿನ ವೃತ್ತಕ್ಕೆ ಬಂದವರು ಬೆಳೆದರು. ಹೊರಗೆ ಉಳಿದವರಿಗೆ ಆ ಬಾಗಿಲು ಎಷ್ಟು ಗಟ್ಟಿ ಅನ್ನೋದನ್ನು ಕಮಲಾ ಭಾಗವತ್ ಕಂಡರು, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು. 1933ರಲ್ಲಿ ಹೆಣ್ಣು ಅನ್ನೋ ಕಾರಣಕ್ಕೆ ಅವರಿಗೆ ಪ್ರವೇಶ ಇಲ್ಲ ಅಂದರು ರಾಮನ್. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇರಬೇಕು ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಶುದ್ಧಹಸ್ತ ಇದ್ದ ಮನುಷ್ಯ, ಅಪಾರ ಪ್ರತಿಭೆ ಇದ್ದ ಮನುಷ್ಯ, ಎದುರಿಗೆ ನಿಂತ ಹುಡುಗಿಯನ್ನು ಕಾಣಲಿಲ್ಲ.

ಅದೇ ಆವರಣದಲ್ಲಿ ಏರೋನಾಟಿಕ್ಸ್ ವಿಭಾಗದ ಮುಖ್ಯಸ್ಥರಾಗಿದ್ದ ಸತೀಶ್ ಧವನ್ 1962ರಲ್ಲಿ ನಿರ್ದೇಶಕರಾದರು, 1981ರವರೆಗೂ ಇದ್ದರು. ರಾಮನ್ ನಾಲ್ಕು ವರ್ಷ, ಧವನ್ ಹೆಚ್ಚುಕಮ್ಮಿ ಹತ್ತೊಂಬತ್ತು. ಧವನ್ ಕಥೆ ನಿಮಗೆ ವಾಟ್ಸಾಪಿನಲ್ಲಿ ಹತ್ತು ಸಲ ಬಂದಿರುತ್ತದೆ, ಬಿಡೋಣ.

ಮತ್ತೆ ಕನ್ನಡ ವಿಭಾಗಕ್ಕೆ ಬರ್ತೀನಿ. ಕುವೆಂಪು ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮಾಡಿದವರು ಈಸೂರಿನ ಜಿ.ಎಸ್. ಶಿವರುದ್ರಪ್ಪ. ಆ ಪ್ರಬಂಧ ‘ಸೌಂದರ್ಯ ಸಮೀಕ್ಷೆ’. 1963ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದರು. ವಿಶ್ವವಿದ್ಯಾಲಯಕ್ಕೇ ಆಗ ಎರಡು ವರ್ಷ. ಕನ್ನಡ ಅಧ್ಯಯನ ಕೇಂದ್ರವನ್ನು ಅವರು ಕಟ್ಟಿದ್ದು ಹೀಗೆ ಹೊಸ ಜಾಗದಲ್ಲಿ.

ಯಾರನ್ನು ಸೇರಿಸಿಕೊಂಡಿದ್ದರು ನೋಡ್ರಿ. ಶಾಸನಗಳ ಒಳಗೆ ಮುಳುಗಿದ್ದ ಎಂ. ಚಿದಾನಂದಮೂರ್ತಿ. ಬಂಡಾಯ ಸಾಹಿತ್ಯದ ಬರಗೂರು ರಾಮಚಂದ್ರಪ್ಪ. ದಲಿತ ಕವಿ ಸಿದ್ಧಲಿಂಗಯ್ಯ ಅಲ್ಲೇ ವಿದ್ಯಾರ್ಥಿ, ಆಮೇಲೆ ಅಲ್ಲೇ ಮೇಷ್ಟ್ರು. ಡಿ.ಆರ್. ನಾಗರಾಜ್ ಸಂಶೋಧನ ಸಹಾಯಕನಾಗಿ ಸೇರಿ ಬೆಳೆದದ್ದು ಅಲ್ಲಿ. ಇವರೆಲ್ಲ ಒಂದೇ ಕಾರಿಡಾರಿನಲ್ಲಿ. ಇವರಲ್ಲಿ ಕೆಲವರು ಹೊರಗಿನ ವೇದಿಕೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದವರು. ಚಿದಾನಂದಮೂರ್ತಿ ಒಂದು ಕಡೆ, ಬಂಡಾಯದವರು ಇನ್ನೊಂದು ಕಡೆ. ಜಿ.ಎಸ್.ಎಸ್. ಸ್ವತಃ ಎರಡೂ ಕಡೆಗೆ ಪೂರ್ತಿ ಸೇರಿದವರಲ್ಲ. ಅವರ ಪದ್ಯ ಸಿದ್ಧಲಿಂಗಯ್ಯನವರ ಪದ್ಯದಂತಿಲ್ಲ, ಅವರ ವಿಮರ್ಶೆ ಡಿ.ಆರ್. ವಿಮರ್ಶೆಯಂತಿಲ್ಲ. ತನ್ನ ಹಾಗೆ ಬರೆಯದವರನ್ನು ತನ್ನ ವಿಭಾಗದಲ್ಲಿ ಬೆಳೆಯಲು ಬಿಡೋದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ನಮ್ಮ ಕೋಡ್ ರಿವ್ಯೂನಲ್ಲೇ ನೋಡಿ, ವೇರಿಯಬಲ್‌ಗೆ ನನಗೆ ಇಷ್ಟವಿಲ್ಲದ ಹೆಸರಿಟ್ಟರೆ ಸಾಕು, ಮೂರು ಕಮೆಂಟ್ ಬೀಳುತ್ತದೆ.

ಇಷ್ಟು ಬೇರೆ ಬೇರೆ ಮನಸ್ಸಿನವರನ್ನು ಇಟ್ಟುಕೊಂಡು ಆ ಕೇಂದ್ರ ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳನ್ನು ತಂದಿತು. ಹಲವರು ಕೂಡಿ ಬರೆಯುವ ಕೆಲಸ. ಒಬ್ಬರು ಕೈಕೊಟ್ಟರೆ ಸಂಪುಟ ನಿಲ್ಲುತ್ತದೆ. ಇಂಥದ್ದನ್ನು ಆದೇಶ ಹೊರಡಿಸಿ ಮಾಡಿಸಲಿಕ್ಕೆ ಆಗೋದಿಲ್ಲ. ಜಿ.ಎಸ್.ಎಸ್. ನಂತರ ಚಿದಾನಂದಮೂರ್ತಿ ಆ ಕೇಂದ್ರ ನಡೆಸಿದರು, ಮುಂದೊಂದು ದಿನ ಸಿದ್ಧಲಿಂಗಯ್ಯ ಅದೇ ಖುರ್ಚಿಯಲ್ಲಿ ಕೂತರು. 1929ರಲ್ಲಿ ಕುಪ್ಪಳಿಯ ಹುಡುಗನಿಗೆ ತೆರೆದ ಬಾಗಿಲು ಹೊಲಗೇರಿಯಲ್ಲಿ ಹುಟ್ಟಿದ ಕವಿಯ ತನಕ ಬರಲು ಇಷ್ಟು ಕಾಲ ಹಿಡಿಯಿತು. ಮಹಾರಾಜ ಕಾಲೇಜಿನ ಸುವರ್ಣಯುಗ ಅಂತ ಹಾಡಿ ಹೊಗಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಕಡೆಯ ಕಥೆ ಬೇರೆ. ಯಡ್ರಾಮಿ, ಜೇವರ್ಗಿ, ಆಳಂದ, ಅಫಜಲಪುರ ಎಲ್ಲ ನಿಜಾಮರ ಸೀಮೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದಾಗ ನಮ್ಮವರಿಗೆ ವಿಶ್ವವಿದ್ಯಾಲಯ ಅಂದ್ರೆ ಹೈದರಾಬಾದಿನ ಉಸ್ಮಾನಿಯಾ, 1918ರಲ್ಲಿ ಹುಟ್ಟಿದ್ದು, ಪಾಠ ಉರ್ದುವಿನಲ್ಲಿ. 1956ರಲ್ಲಿ ಕರ್ನಾಟಕಕ್ಕೆ ಸೇರಿದ ಮೇಲೆ ಧಾರವಾಡದ ಕೈಕೆಳಗೆ ಬಂದೆವು. 1970ರಲ್ಲಿ ಕಲಬುರಗಿಗೆ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವಂತ ವಿಶ್ವವಿದ್ಯಾಲಯ. ಅದಕ್ಕೆ ಆ ದಶಕದಲ್ಲಿ ಕುಲಪತಿಯಾಗಿ ಬಂದವರು ಹಾ.ಮಾ. ನಾಯಕ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯನ್ನು ನಡೆಸಿದ ಅನುಭವ ಬೆನ್ನಿಗಿದ್ದವರು, ಅಂಕಣ ಬರೆಯೋದರಲ್ಲಿ ನಮಗೆಲ್ಲ ಹಿರಿಯಣ್ಣ. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿದ್ದಂತೂ 2009ರಲ್ಲಿ, ನಾನು ಓದು ಮುಗಿಸುವ ಹೊತ್ತಿಗೆ.

ಯಡ್ರಾಮಿಯಿಂದ ಪಶ್ಚಿಮಕ್ಕೆ ಹೋದರೆ ಸಿಂದಗಿ ತಾಲ್ಲೂಕು. ಅದರ ಯರಗಲ್ ಊರಿನವರು ಎಂ.ಎಂ. ಕಲಬುರ್ಗಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು, ವಿಭಾಗದ ಮುಖ್ಯಸ್ಥರಾದರು. ಅವರ ವಿಷಯದಲ್ಲಿ ನಾನು ಹೇಳಬೇಕಾದದ್ದು 1989ರ ಸಂಗತಿ. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣರ ಕುಟುಂಬದ ಬಗ್ಗೆ ಅವರು ಬರೆದ ಮಾತು ದೊಡ್ಡ ಗದ್ದಲ ಎಬ್ಬಿಸಿತು. ಒತ್ತಡಕ್ಕೆ ಅವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮನೆಯವರ ಜೀವದ ಪ್ರಶ್ನೆ ಬಂದಾಗ ಹಾಗೆ ಮಾಡಿದೆ, ಅವತ್ತು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದಲ್ಲಿ ಅವರೇ ಹೇಳಿದರು.

ಇದನ್ನು ಅವರೊಬ್ಬರ ದುಃಖ ಅಂತ ಮಾತ್ರ ನೋಡಬಾರದು. ಧಾರವಾಡದಲ್ಲಿ ಆಗ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗನನ್ನು, ಆಗಷ್ಟೇ ಕೆಲಸಕ್ಕೆ ಸೇರಿದ ಅಧ್ಯಾಪಕನನ್ನು ಕಲ್ಪಿಸಿಕೊಳ್ಳಿ. ವಿಭಾಗದ ದೊಡ್ಡ ಮೇಷ್ಟ್ರು ಆಧಾರ ಇಟ್ಟುಕೊಂಡು ಬರೆದ ಮಾತನ್ನೇ ಉಳಿಸಿಕೊಳ್ಳಲು ಆಗಲಿಲ್ಲ ಅಂದ ಮೇಲೆ ನಾನು ಯಾವ ವಿಷಯ ಆರಿಸಿಕೊಳ್ಳಲಿ? ಯಾರೂ ಹೇಳಿಕೊಡದೇ ಅವನಿಗೆ ಅರ್ಥ ಆಗುತ್ತದೆ. ಮುಖ್ಯಸ್ಥನ ಬೆನ್ನಿಗೆ ನಿಲ್ಲದ ಸಮಾಜದಲ್ಲಿ ಮುಖ್ಯಸ್ಥ ತನ್ನ ಕಿರಿಯರ ಬೆನ್ನಿಗೆ ಹೇಗೆ ನಿಂತಾನು?

ಕಲಬುರ್ಗಿ ಸುಮ್ಮನೆ ಕೂರಲಿಲ್ಲ. ಸರ್ಕಾರ ತಂದ ವಚನಗಳ ಸಮಗ್ರ ಸಂಪುಟಗಳಿಗೆ ಪ್ರಧಾನ ಸಂಪಾದಕರಾದರು, ಹದಿನೈದು ಸಂಪುಟ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊನೆಯ ವರ್ಷಗಳಲ್ಲಿ ವಿಜಯಪುರದಲ್ಲಿ ಆದಿಲಶಾಹಿ ಕಾಲದ ಪಾರಸಿ, ದಖನಿ ಉರ್ದು ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಕೆಲಸದಲ್ಲಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಈಗ ಖುರ್ಚಿ ಸಣ್ಣದಾಗಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮುಖ್ಯಸ್ಥರ ಹುದ್ದೆ ಹಿರಿತನದ ಮೇಲೆ, ಬಹುಪಾಲು ಎರಡು ವರ್ಷಕ್ಕೊಬ್ಬರ ಸರದಿ. ಡಿ.ಎಲ್.ಎನ್. ಕಾದ ಹಾಗೆ ಯಾರೂ ಕಾಯಬೇಕಿಲ್ಲ. ಆದರೆ ಎರಡು ವರ್ಷದಲ್ಲಿ ಏನು ಕಟ್ಟೋದು? ಜಿ.ಎಸ್.ಎಸ್. ಅವರಿಗೆ ಎರಡು ದಶಕ ಇತ್ತು. 2010ರ ಯುಜಿಸಿ ನಿಯಮಗಳಿಂದ ಎಪಿಐ ಅನ್ನೋ ಅಂಕದ ಲೆಕ್ಕ ಬೇರೆ ಬಂತು. ಎಷ್ಟು ಲೇಖನ, ಎಷ್ಟು ಸೆಮಿನಾರ್, ಎಷ್ಟು ಅಂಕ. ನಮ್ಮ ಅಪ್ರೈಸಲ್ ಶೀಟ್ ನೋಡಿದವರಿಗೆ ಇದರ ಹಣೆಬರಹ ಗೊತ್ತು: ಅಂಕ ಎಲ್ಲಿದೆಯೋ ಅಲ್ಲಿಗೆ ಜನ ಹೋಗುತ್ತಾರೆ.

ಖುರ್ಚಿ ಸಣ್ಣದಾದರೂ ಕೆಳಗಿನವರಿಗೆ ಅದರ ನೆರಳು ಉದ್ದವಾಗಿದೆ, ಯಾಕಂದ್ರೆ ಕೆಳಗಿನವರಲ್ಲಿ ಈಗ ಕಾಯಂ ಇಲ್ಲದವರೇ ಬಹಳ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲೇ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. 2022ರಲ್ಲಿ ಸರ್ಕಾರ ಅವರ ಗೌರವಧನ ಏರಿಸಿತು, ಜೊತೆಗೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿತು. ಇದ್ದ ಗಂಟೆಗಳು ಅಷ್ಟೇ, ಹಂಚಿಕೊಳ್ಳುವವರು ಕಡಿಮೆ. ಆ 15 ಗಂಟೆ ಕೈಗೆ ಸಿಗುತ್ತದೋ ಇಲ್ಲವೋ ಅನ್ನೋದೇ ಒಂದು ಸಂಸಾರದ ಪ್ರಶ್ನೆ.

ನನ್ನ ಜೊತೆ ಶಾಲೆ ಕಲಿತ ಗೆಳೆಯನೊಬ್ಬ ಹೀಗೆ ಒಂದು ಕಡೆ ಪಾಠ ಮಾಡುತ್ತಾನೆ. ಮೊದಲಿದ್ದ ಮುಖ್ಯಸ್ಥರ ಕಾಲದಲ್ಲಿ ಕಾರ್ಯಭಾರದ ಪಟ್ಟಿ ಯಾವಾಗ ಬರೆದರು, ಯಾರ ಮುಂದೆ ಬರೆದರು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಇವನು ಬರೆದ ಲೇಖನದಲ್ಲಿ ಅವರ ಹೆಸರು ಮೊದಲು ಬರುತ್ತಿತ್ತು. ಆಮೇಲೆ ಬಂದ ಮೇಡಂ ಮಾಡಿದ್ದು ಇಷ್ಟೇ: ಟೈಮ್‌ಟೇಬಲ್ ಮಾಡುವ ದಿನ ಎಲ್ಲರನ್ನೂ ಕೂರಿಸಿ, ಗಂಟೆಗಳನ್ನು ಬೋರ್ಡಿನ ಮೇಲೆ ಬರೆದು ಹಂಚಿದರು. ಇವನಿಗೆ ಒಂದು ಗಂಟೆಯೂ ಹೆಚ್ಚು ಸಿಗಲಿಲ್ಲ.

“ದೋಸ್ತ, ಪಗಾರ ಮೊದಲೂ ತಡಾನೇ ಬರತಿತ್ತು, ಈಗೂ ತಡಾನೇ ಬರ್ತದ,” ಅಂದ ಫೋನಿನಲ್ಲಿ. “ಖರೆ ಈಗ ಕ್ಲಾಸಿಗಿ ಓದಕೊಂಡು ಹೋಗ್ಲಾಕತ್ತೀನಿ. ಮೊದಲ ಓದ್ತಿದ್ದಿಲ್ಲ.”

ಬರುವ ಜೂನಿಗೆ ಮೇಡಂ ಸರದಿ ಮುಗಿಯುತ್ತದೆ. ಹಿರಿತನದ ಪಟ್ಟಿಯಲ್ಲಿ ಅವರ ನಂತರದ ಹೆಸರು ಯಾರದು ಅಂತ ಇವನಿಗೆ ಗೊತ್ತು. ಪಿಯು ಉಪನ್ಯಾಸಕರ ಹುದ್ದೆಗೆ ಓದಲು ಪುಸ್ತಕ ತರಿಸಿ ಇಟ್ಟುಕೊಂಡಿದ್ದಾನೆ.